ದೋಸೆ ಹಂಚಿನ ಹಾಗೆ ನೋಡಿಕೊಳ್ಳಿ ನಿಮ್ಮ ಬಾರ್ಬೆಕ್ಯೂ ಗ್ರಿಲ್

ಸಕಲೇಶಪುರದ ಕಡೆ ಮಳೆ ಶುರುವಾಯಿತು ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ಒಲೆ ಹಚ್ಚುವ ಮಾತೇ ಇಲ್ಲ. ಹಾಗಾಗಿ ಆ ವರ್ಷ ಮೇ ಕೊನೆಯಲ್ಲಿ ನೆಂಟರೆಲ್ಲ ಸೇರಿದಾಗ, ಇದೇ ಕೊನೇ ಸಲ ಅಂತ ಗ್ರಿಲ್ ಹಚ್ಚಿದೆವು. ಬಂಗುಡೆ, ಕೋಳಿ, ಜೋಳದ ತೆನೆ ಎಲ್ಲ ಸುಟ್ಟು ತಿಂದೆವು. ಊಟ ಮುಗಿಯುವ ಹೊತ್ತಿಗೆ ಗುಡುಗು ಶುರುವಾಯಿತು. ಕೆಂಡ ಆರಿದ್ದೇ ತಡ, ಗ್ರಿಲ್ ಅನ್ನು ಕೊಟ್ಟಿಗೆಯ ಮಾಡಿನ ಕೆಳಗೆ ತಳ್ಳಿ, ಟಾರ್ಪಾಲಿನ್ ಹೊದಿಸಿ ಒಳಗೆ ಬಂದುಬಿಟ್ಟೆವು. ನಾಳೆ ತೊಳೆದರಾಯಿತು ಅಂದುಕೊಂಡಿದ್ದು ನಾಲ್ಕು ತಿಂಗಳು ಮುಂದೆ ಹೋಯಿತು.

ದಸರಾ ರಜೆಯಲ್ಲಿ ಹೊದಿಕೆ ತೆಗೆದು ನೋಡಿದರೆ ತಳದ ಬೂದಿ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಸಟ್ಟುಗ ಕೊಟ್ಟು ಎಬ್ಬಿಸಿದೆ. ಬೂದಿಯ ಹೆಂಟೆ ಎದ್ದು ಬಂತು, ಅದರ ಬೆನ್ನಿಗೆ ಅಂಟಿಕೊಂಡು ತಳದ ತಗಡೂ ಚಕ್ಕೆಯಾಗಿ ಬಂತು. ಬೆರಳು ತೂರುವಷ್ಟು ದೊಡ್ಡ ತೂತು. ಅದರೊಳಗಿಂದ ಕೆಳಗಿನ ನೆಲ ಕಾಣುತ್ತಿತ್ತು.

ಅವತ್ತಿನವರೆಗೂ ಗ್ರಿಲ್ ಹಾಳಾಗುವುದು ಜಿಡ್ಡಿನಿಂದ ಅಂತಲೇ ನಾನು ತಿಳಿದಿದ್ದೆ. ನಮ್ಮ ಗ್ರಿಲ್ ತಿಂದಿದ್ದು ಜಿಡ್ಡಲ್ಲ, ಒದ್ದೆ ಬೂದಿ. ಆಮೇಲೆ ಹೊಸದು ತಂದು, ಈಗ ಹಲವು ಮಳೆಗಾಲ ಕಳೆದಿದೆ. ತಳ ಇನ್ನೂ ಗಟ್ಟಿಯಾಗಿದೆ. ಈ ನಡುವೆ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಇದರಲ್ಲಿ ಮುಕ್ಕಾಲು ಪಾಲು ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ದೋಸೆ ಹಂಚಿಗೆ ಮಾಡುತ್ತಿದ್ದದ್ದೇ. ಬಿಸಿ ಇರುವಾಗಲೇ ಉಜ್ಜು, ನೀರು ತಾಗಿದರೆ ಆಗಲೇ ಒಣಗಿಸು, ಎಣ್ಣೆ ಸವರಿ ಎತ್ತಿಡು. ಹಂಚು ಗೊತ್ತಿದ್ದವರಿಗೆ ಗ್ರಿಲ್ ಕಷ್ಟ ಅಲ್ಲ.

ಮೊದಲು ಜಾಲರಿ ಯಾವುದು ಅಂತ ತಿಳಿಯಿರಿ

ಮಾಂಸ, ತರಕಾರಿ ಇಡುವ ಜಾಲರಿ ಯಾವ ಲೋಹದ್ದು ಅನ್ನುವುದರ ಮೇಲೆ ಉಜ್ಜುವ ರೀತಿ ನಿಂತಿದೆ. ಕೊಂಡಾಗ ಬಂದ ಪುಸ್ತಕ ಇದ್ದರೆ ನೋಡಿ. ಇಲ್ಲದಿದ್ದರೂ ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ.

ಭಾರವಾಗಿ, ಕಪ್ಪಗೆ, ಸ್ವಲ್ಪ ಒರಟಾಗಿದ್ದರೆ ಅದು ಎರಕದ ಕಬ್ಬಿಣ. ನಮ್ಮ ಹಳೇ ದೋಸೆ ಕಾವಲಿಯದೇ ಜಾತಿ. ಶಾಖ ಚೆನ್ನಾಗಿ ಹಿಡಿಯುತ್ತದೆ, ಆದರೆ ನೀರು ಕಂಡರೆ ತುಕ್ಕು. ಕಪ್ಪಗಿದ್ದು ಗಾಜಿನ ಹಾಗೆ ನುಣುಪಾಗಿ ಹೊಳೆಯುತ್ತಿದ್ದರೆ ಮೇಲೆ ಎನಾಮಲ್ ಲೇಪ ಇದೆ ಅಂತ ಅರ್ಥ. ಅದಕ್ಕೆ ಚೂಪಾದ ಕಬ್ಬಿಣ ತಾಗಿಸಬೇಡಿ. ಲೇಪ ಒಂದು ಕಡೆ ಸೀಳಿದರೆ ಸಾಕು, ಅಲ್ಲಿಂದ ತುಕ್ಕು ಒಳಗೇ ಹರಡುತ್ತದೆ. ತೆಳ್ಳಗಿನ, ಬೆಳ್ಳಗೆ ಹೊಳೆಯುವ ತಂತಿಯ ಜಾಲರಿ ಆದರೆ ಕ್ರೋಮ್ ಲೇಪದ್ದು. ಅದು ಎಷ್ಟು ಜೋಪಾನ ಮಾಡಿದರೂ ಜಾಸ್ತಿ ದಿನ ಬರುವುದಿಲ್ಲ. ಲೇಪ ಎದ್ದಾಗ ಬದಲಾಯಿಸುವುದೇ ಸರಿ.

ಸ್ಟೇನ್‌ಲೆಸ್ ಸ್ಟೀಲ್ ಆದರೆ ಒಂದು ಅಯಸ್ಕಾಂತ ಇಟ್ಟು ನೋಡಿ. ಗಟ್ಟಿಯಾಗಿ ಅಂಟಿದರೆ ಅದು 430ರಂಥ ಅಗ್ಗದ ದರ್ಜೆ ಇರಬಹುದು. ಅಂಟದಿದ್ದರೆ, ಅಥವಾ ಅಂಟಿಯೂ ಅಂಟದ ಹಾಗಿದ್ದರೆ, 304 ಇರುವ ಸಾಧ್ಯತೆ ಜಾಸ್ತಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇದು ಮುಖ್ಯ. ಉಪ್ಪುಗಾಳಿಗೆ 430 ಬೇಗ ತುಕ್ಕಿನ ಚುಕ್ಕೆ ಹಿಡಿಯುತ್ತದೆ. 304 ಅದಕ್ಕಿಂತ ಎಷ್ಟೋ ವರ್ಷ ಜಾಸ್ತಿ ತಡೆಯುತ್ತದೆ.

ಪ್ರತಿ ಸಲ ಮಾಡಬೇಕಾದ ಕೆಲಸ

ಇದ್ದಿಲಿನ ಗ್ರಿಲ್‌ಗೆ ಹೇಳುತ್ತಿದ್ದೇನೆ. ಇದಕ್ಕೆಲ್ಲ ಅರ್ಧ ಗಂಟೆ ಸಾಕು, ಅದರಲ್ಲೂ ಜಾಸ್ತಿ ಹೊತ್ತು ಬೆಂಕಿಯೇ ಕೆಲಸ ಮಾಡುತ್ತದೆ.

1. ಇದ್ದಿಲು ಕೆಂಡವಾಗಿ ಮೇಲೆ ಬಿಳಿ ಬೂದಿ ಕೂತ ಮೇಲೆ ಜಾಲರಿ ಇಟ್ಟು ಮುಚ್ಚಳ ಹಾಕಿ. ಮೇಲಿನ, ಕೆಳಗಿನ ಗಾಳಿಕಂಡಿಗಳು ಪೂರ್ತಿ ತೆರೆದಿರಲಿ. 10ರಿಂದ 15 ನಿಮಿಷ ಹಾಗೇ ಬಿಡಿ. ಹೋದ ಸಲದ ಜಿಡ್ಡು, ಮಸಾಲೆ ಎಲ್ಲ ಸುಟ್ಟು ಕರಿಯಾಗಿ, ಪುಡಿಯಾಗುವ ಹಂತಕ್ಕೆ ಬರುತ್ತದೆ. ಮೊದಲು ಹೊಗೆ ದಟ್ಟವಾಗಿ ಬರುತ್ತದೆ. ಹೊಗೆ ತೆಳುವಾಯಿತು ಅಂದರೆ ಸುಡುವುದು ಮುಗಿಯಿತು ಅಂತ ತಿಳಿಯಿರಿ.

2. ಮುಚ್ಚಳ ತೆಗೆದು, ಕೈಗೆ ಉದ್ದನೆಯ ದಪ್ಪ ಗವಸು ಹಾಕಿಕೊಂಡು, ಮರದ ಸಟ್ಟುಗದಿಂದ (ಅದರ ವಿಷಯ ಮುಂದೆ ಇದೆ) ಸರಳುಗಳ ಉದ್ದಕ್ಕೆ ಉಜ್ಜಿ. ತಣ್ಣಗಿದ್ದಾಗ ಅರ್ಧ ಗಂಟೆ ಉಜ್ಜಿದರೂ ಬಿಡದ ಕರಿ ಈಗ ಎರಡೇ ನಿಮಿಷಕ್ಕೆ ಉದುರುತ್ತದೆ.

3. ಒಂದು ದೊಡ್ಡ ಈರುಳ್ಳಿಯನ್ನು ಅಡ್ಡಕ್ಕೆ ಕತ್ತರಿಸಿ. ಅರ್ಧ ಭಾಗವನ್ನು ಉದ್ದನೆಯ ಫೋರ್ಕ್‌ಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ, ಬಿಸಿ ಸರಳಿನ ಮೇಲೆ ಒತ್ತಿ ಎಳೆಯಿರಿ. ದೋಸೆ ಹೊಯ್ಯುವ ಮೊದಲು ಹಂಚಿಗೆ ಮಾಡುವ ಹಾಗೆಯೇ. ಚುಂಯ್ ಅಂತ ಸದ್ದು ಬರಬೇಕು. ಸದ್ದು ಬರಲಿಲ್ಲ ಅಂದರೆ ಸರಳು ಇನ್ನೂ ಕಾದಿಲ್ಲ. ಎರಡು ಸಲ ಎಳೆದ ಮೇಲೆ ಈರುಳ್ಳಿಯ ಮುಖ ನೋಡಿ. ಕಪ್ಪು ಗೆರೆಗಳು ಮೂಡಿರುತ್ತವೆ. ಆ ಪದರ ಕತ್ತರಿಸಿ ಎಸೆದು ಮತ್ತೆ ಎಳೆಯಿರಿ. ಗೆರೆ ತಿಳಿ ಕಂದು ಬಣ್ಣಕ್ಕೆ ಬಂತು ಅಂದರೆ ಜಾಲರಿ ಅಡುಗೆಗೆ ತಯಾರು. ಬಂಗುಡೆಯ ಸಿಪ್ಪೆ ಅಂಟಿಕೊಳ್ಳದೆ ಮಗುಚಲು ಬರುವುದು ಇದರಿಂದಲೇ. ಡಬ್ಬಿಯಿಂದ ಸಿಂಪಡಿಸುವ ಎಣ್ಣೆಯನ್ನು ಮಾತ್ರ ಕೆಂಡದ ಮೇಲೆ ಬಿಡಬೇಡಿ, ಬೆಂಕಿ ಕೈಗೆ ಹಾರುತ್ತದೆ.

4. ಅಡುಗೆ ಮುಗಿದ ಮೇಲೆ ಉಳಿದ ಕೆಂಡದ ಶಾಖದಲ್ಲೇ ಮತ್ತೆ ಮುಚ್ಚಳ ಹಾಕಿ 10 ನಿಮಿಷ ಬಿಟ್ಟು, ಇನ್ನೊಂದು ಸಲ ಉಜ್ಜಿ. ಒಣ ಊರಿನಲ್ಲಿರುವವರು ಇದನ್ನು ಮುಂದಿನ ಸಲಕ್ಕೆ ಬಿಡುತ್ತಾರೆ, ಆ ಜಿಡ್ಡೇ ಕಬ್ಬಿಣವನ್ನು ಕಾಯುತ್ತದೆ ಅನ್ನುತ್ತಾರೆ. ಮಲೆನಾಡು, ಕರಾವಳಿಯಲ್ಲಿ ಆ ಮಾತು ನಡೆಯುವುದಿಲ್ಲ. ವಾರ ಕಳೆಯುವುದರೊಳಗೆ ಜಿಡ್ಡಿನ ಮೇಲೆ ಬೂಷ್ಟು ಬರುತ್ತದೆ, ಇರುವೆ, ಇಲಿ ಮೊದಲೇ ಬಂದಿರುತ್ತವೆ.

5. ಬಟ್ಟೆಯ ತುಂಡಿಗೆ ಒಂದು ಚಮಚ ಎಣ್ಣೆ ಹಾಕಿ, ಇಕ್ಕಳದಲ್ಲಿ ಹಿಡಿದು ಸರಳಿಗೆ ಸವರಿ. ತೆಳ್ಳಗೆ ಸಾಕು, ತೊಟ್ಟಿಕ್ಕಬಾರದು.

6. ಮೇಲಿನ, ಕೆಳಗಿನ ಕಂಡಿಗಳನ್ನೆಲ್ಲ ಮುಚ್ಚಿ. ಗಾಳಿ ಇಲ್ಲದೆ ಕೆಂಡ ತಾನಾಗೇ ಆರುತ್ತದೆ. ಉಳಿದ ಇದ್ದಿಲು ಮುಂದಿನ ಸಲಕ್ಕೆ ಸಿಗುತ್ತದೆ. ಬೇಗ ಆರಲಿ ಅಂತ ನೀರು ಮಾತ್ರ ಸುರಿಯಬೇಡಿ. ಎನಾಮಲ್ ಬಿರುಕು ಬಿಡುತ್ತದೆ, ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ, ಜೊತೆಗೆ ತಳದಲ್ಲಿ ಒದ್ದೆ ಬೂದಿ ತಯಾರು.

ಮೊಸರಿನ ಮಸಾಲೆ ಹಚ್ಚಿದ ಕೋಳಿ, ಪನೀರ್ ಸುಟ್ಟ ದಿನ ನಾಲ್ಕನೇ ಹಂತ ಬಿಡಲೇಬೇಡಿ. ಸುಟ್ಟ ಮೊಸರು ಸರಳಿನ ಮೇಲೆ ಗಚ್ಚಿನ ಹಾಗೆ ಕೂರುತ್ತದೆ. ಗೊಜ್ಜಿಗೆ ಬದನೆಕಾಯಿ ಸುಟ್ಟರೆ ಅಂಥ ಕಷ್ಟ ಇಲ್ಲ.

ಇನ್ನೊಂದು ವಿಷಯ. ಮನೆಗೆ ಬರುವವರಲ್ಲಿ ಮಾಂಸ ತಿನ್ನದವರೂ ಇರುತ್ತಾರೆ. ಎಷ್ಟು ಉಜ್ಜಿದರೂ ಅವರ ಮನಸ್ಸಿಗೆ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ನಾವು ಎರಡನೇ ಜಾಲರಿ ತಂದು, ಅದರ ಹಿಡಿಗೆ ತಾಮ್ರದ ತಂತಿ ಸುತ್ತಿ ಗುರುತು ಮಾಡಿದ್ದೇವೆ. ಅದಕ್ಕೆ ಬೇರೆ ಇಕ್ಕಳ, ಬೇರೆ ಸಟ್ಟುಗ. ಮೊದಲು ಆ ಜಾಲರಿಯಲ್ಲಿ ಪನೀರ್, ಸಿಹಿಗೆಣಸು, ಜೋಳ ಮುಗಿಸಿ ಎತ್ತಿಟ್ಟು, ಆಮೇಲೆ ಮೀನು, ಕೋಳಿಗೆ ಇನ್ನೊಂದು. ಎಲ್ಲರೂ ನೆಮ್ಮದಿಯಾಗಿ ಉಣ್ಣುತ್ತಾರೆ.

ತಂತಿ ಬ್ರಷ್ ಬಿಟ್ಟುಬಿಡಿ

ಅಂಗಡಿಯಲ್ಲಿ ಗ್ರಿಲ್ ಜೊತೆ ಸಾಮಾನ್ಯವಾಗಿ ಕೊಡುವುದು ತಂತಿಯ ಬ್ರಷ್. ನಾನೂ ಮೊದಲು ಅದನ್ನೇ ಬಳಸುತ್ತಿದ್ದೆ. ಅದರ ಒಂದು ಎಳೆ ಕಿತ್ತು ಸರಳಿಗೆ ಅಂಟಿಕೊಂಡರೆ ಕಣ್ಣಿಗೆ ಕಾಣುವುದಿಲ್ಲ. ಅದು ಮಾಂಸಕ್ಕೆ ಸೇರಿ ಬಾಯಿಗೆ, ಗಂಟಲಿಗೆ, ಕರುಳಿಗೆ ಹೋಗುತ್ತದೆ. ಇದು ಸುಮ್ನೆ ಹೆದರಿಸುವ ಮಾತಲ್ಲ. ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದ ವೈದ್ಯರು 2016ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, 2002ರಿಂದ 2014ರ ನಡುವೆ ಅಲ್ಲಿ 1,600ಕ್ಕೂ ಹೆಚ್ಚು ಜನ ಈ ತಂತಿಯಿಂದ ಗಾಯವಾಗಿ ತುರ್ತು ಚಿಕಿತ್ಸೆಗೆ ಹೋಗಿದ್ದಾರೆ. ಜಾಸ್ತಿ ಪೆಟ್ಟು ಬಾಯಿಗೆ, ಗಂಟಲಿಗೆ.

ನಾನು ಈಗ ಬಳಸುವುದು ಎರಡೇ. ಒಂದು, ಬಡಗಿಯ ಹತ್ತಿರ ಮಾಡಿಸಿದ ಮರದ ಸಟ್ಟುಗ. ಅಂಗೈ ಅಗಲದ ಗಟ್ಟಿ ಹಲಗೆ, ತುದಿ ಓರೆ. ಮೊದಲ ಸಲ ಕಾದ ಸರಳಿಗೆ ಒತ್ತಿ ಉಜ್ಜಿದಾಗ ಮರವೇ ಸುಟ್ಟು ಸರಳಿನ ಅಳತೆಗೆ ಗೀರು ಬೀಳುತ್ತದೆ. ನಾಲ್ಕೈದು ಸಲ ಆದ ಮೇಲೆ ಆ ಗೀರುಗಳು ಬಾಚಣಿಗೆಯ ಹಲ್ಲಿನ ಹಾಗೆ ಸರಳನ್ನು ಮೂರು ಕಡೆಯಿಂದ ಹಿಡಿದು ಉಜ್ಜುತ್ತವೆ. ನಿಮ್ಮ ಜಾಲರಿಗೆ ಅಂತಲೇ ಪಳಗಿದ ಸಲಕರಣೆ ಅದು.

ಎರಡನೆಯದು ತೆಂಗಿನ ನಾರು. ಪಾತ್ರೆ ಬೆಳಗಲು ಬಳಸುತ್ತಿದ್ದ ಅದೇ ನಾರಿನ ಉಂಡೆ. ಜಾಲರಿ ಉಗುರು ಬೆಚ್ಚಗಿದ್ದಾಗ ನಾರನ್ನು ಒದ್ದೆ ಮಾಡಿ ಉಜ್ಜಿ. ಕೆಂಡದ ಮೇಲೆ ಬೇಡ, ನಾರು ಹತ್ತಿಕೊಳ್ಳುತ್ತದೆ. ನಾರು ಎನಾಮಲ್ ಲೇಪಕ್ಕೆ ಗೀರು ಹಾಕುವುದಿಲ್ಲ. ಒಂದು ಎಳೆ ಉಳಿದುಕೊಂಡರೂ ಮುಂದಿನ ಸಲ ಬೆಂಕಿಯಲ್ಲಿ ಸುಟ್ಟುಹೋಗುತ್ತದೆ.

ತಂತಿ ಬ್ರಷ್ ಬಿಟ್ಟು ಬೇರೆ ಗತಿಯೇ ಇಲ್ಲ ಅನ್ನುವವರು ಉಜ್ಜಿದ ಮೇಲೆ ಒದ್ದೆ ಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಎಲ್ಲ ಸರಳನ್ನೂ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಎಳೆಗಳು ಬಾಗಿದ, ಅಲ್ಲಾಡುವ ಬ್ರಷ್ ಇದ್ದರೆ ಇವತ್ತೇ ಎಸೆಯಿರಿ.

ಬೂದಿ

ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾಗಿರುವುದು ಇದನ್ನೇ.

ಒಣಗಿದ ಬೂದಿಯಿಂದ ಕೆಡುಕಿಲ್ಲ. ಆದರೆ ಅದು ಒಣಗಿರುವುದಿಲ್ಲ. ಮರದ ಬೂದಿಯಲ್ಲಿ ಕ್ಷಾರ ಇರುತ್ತದೆ, ಅದು ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಮಳೆ ಹನಿ ಬೀಳಲೇಬೇಕು ಅಂತಿಲ್ಲ, ಜುಲೈ ತಿಂಗಳ ಮಲೆನಾಡಿನ ಗಾಳಿ ಸಾಕು. ಹಿಂದೆ ಬೂದಿ ಹಾಕಿ ಪಾತ್ರೆ ಬೆಳಗುತ್ತಿದ್ದರಲ್ವಾ? ಜಿಡ್ಡು ಬಿಡಿಸುತ್ತಿದ್ದದ್ದು ಆ ಕ್ಷಾರವೇ. ಅದೇ ಕ್ಷಾರ ತಿಂಗಳುಗಟ್ಟಲೆ ಲೋಹಕ್ಕೆ ಅಂಟಿಕೊಂಡು ಕೂತರೆ ಅಲ್ಯೂಮಿನಿಯಂ ಸವೆಯುತ್ತದೆ. ಕಬ್ಬಿಣದ ತಗಡಾದರೆ ಎನಾಮಲ್ ಎದ್ದ ಜಾಗದಲ್ಲಿ ತೇವ ನಿಂತು ತುಕ್ಕು ಹಿಡಿಯುತ್ತದೆ. ಬೂದಿ ಒಣಗುವುದಿಲ್ಲ, ತುಕ್ಕು ನಿಲ್ಲುವುದಿಲ್ಲ. ಕೊನೆಗೆ ತೂತು.

ಹಾಗಾಗಿ ನಿಯಮ ಒಂದೇ: ಗ್ರಿಲ್ ಪೂರ್ತಿ ತಣ್ಣಗಾದ ಮೇಲೆ, ಮಾರನೇ ದಿನವೇ ಬೂದಿ ತೆಗೆಯಿರಿ. ಉಳಿದ ಇದ್ದಿಲು ಮೇಲಿಂದ ಆರಿಸಿಕೊಂಡು ಬೇರೆ ಡಬ್ಬದಲ್ಲಿಡಿ. ಬೂದಿಯನ್ನು ಸಣ್ಣ ಸಲಿಕೆಯಿಂದ ಎತ್ತಿ, ಒಣ ಸುಣ್ಣದ ಬ್ರಷ್‌ನಿಂದ ಮೂಲೆ ಮೂಲೆ ಗುಡಿಸಿ. ಕೊನೆಯಲ್ಲಿ ಒಣ ಬಟ್ಟೆಯಿಂದ ಒರೆಸಿ.

ಬೂದಿ ಎಲ್ಲಿಗೆ ಹಾಕಬೇಕು ಅನ್ನುವುದು ತಮಾಷೆಯ ವಿಷಯ ಅಲ್ಲ. ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡ ಒಂದು ದಿನಕ್ಕೂ ಮೀರಿ ಜೀವ ಹಿಡಿದಿರುತ್ತದೆ. ಪ್ಲಾಸ್ಟಿಕ್ ಬಕೆಟ್, ರಟ್ಟಿನ ಡಬ್ಬ, ಕಸದ ಚೀಲ ಯಾವುದೂ ಬೇಡ. ಮುಚ್ಚಳ ಇರುವ ಹಳೇ ಎಣ್ಣೆ ಡಬ್ಬಕ್ಕೆ ಹಾಕಿ, ಗೋಡೆಯಿಂದ, ಸೌದೆ ರಾಶಿಯಿಂದ ದೂರ ಕಲ್ಲಿನ ಮೇಲೆ 48 ಗಂಟೆ ಇಡಿ. ಆಮೇಲೆ ಚೆಲ್ಲಿ. ಬರೀ ಮರದ ಇದ್ದಿಲು, ಕರಟದ ಇದ್ದಿಲು ಸುಟ್ಟ ಬೂದಿಯಾದರೆ ಹಿತ್ತಲಿಗೆ ಹಾಕಬಹುದು. ನಮ್ಮ ಕಡೆಯ ಮಣ್ಣು ಹುಳಿ, ಒಂದೆರಡು ಹಿಡಿ ಬೂದಿ ಒಳ್ಳೆಯದೇ. ಅಚ್ಚಿನಲ್ಲಿ ಒತ್ತಿ ಮಾಡಿದ ಬ್ರಿಕೆಟ್ ಬೂದಿಯನ್ನು ಮಾತ್ರ ಸೊಪ್ಪು, ತರಕಾರಿ ಮಡಿಗೆ ಹಾಕಬೇಡಿ. ಅದರಲ್ಲಿ ಏನೇನು ಬೆರೆಸಿರುತ್ತಾರೋ ಹೇಳಲಾಗದು.

ಒಂದು ಎಚ್ಚರಿಕೆಯನ್ನು ಕೈ ಮುಗಿದು ಹೇಳುತ್ತೇನೆ. ಮಳೆ ಬಂತು ಅಂತ ಉರಿಯುವ, ಅರ್ಧ ಆರಿದ ಗ್ರಿಲ್ ಅನ್ನು ಕೋಣೆಗೆ, ಮುಚ್ಚಿದ ಗ್ಯಾರೇಜಿಗೆ, ಟೆಂಟಿಗೆ ತರಬೇಡಿ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಚಳಿಗೆ ಅಂತ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಅನ್ನುವ ಸುದ್ದಿ ನಾವು ಎಷ್ಟು ಸಲ ಓದಿಲ್ಲ!

ವರ್ಷಕ್ಕೆ ಎರಡು ಸಲ ಪೂರ್ತಿ ತೊಳೆಯುವುದು

ಮೇ ಕೊನೆಯಲ್ಲಿ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ. ಬಿಸಿಲು ಚೆನ್ನಾಗಿರುವ ದಿನ ಬೆಳಿಗ್ಗೆಯೇ ಶುರು ಮಾಡಿ, ಒಣಗಲು ಸಂಜೆವರೆಗೆ ಸಮಯ ಬೇಕು.

ಮುಚ್ಚಳದ ಒಳಗಿನಿಂದ ಶುರು ಮಾಡಿ. ಅಲ್ಲಿ ಕಪ್ಪು ಚಕ್ಕೆಗಳು ಎದ್ದು ಜೋತಾಡುತ್ತಿರುತ್ತವೆ. ನಮ್ಮಲ್ಲಿ ಒಂದು ಸಲ ಅಂಥ ಚಕ್ಕೆ ಬಿಳೀ ಪನೀರಿನ ಮೇಲೆ ಬಿತ್ತು, ಪೇಂಟ್ ಏಳುತ್ತಿದೆ ಅಂತ ಎಲ್ಲರೂ ಗಾಬರಿಯಾದರು. ಒಳಗಡೆ ಎನಾಮಲ್ ಇರುವ ಮುಚ್ಚಳದಲ್ಲಿ ಅದು ಪೇಂಟ್ ಅಲ್ಲ. ಹೊಗೆ, ಜಿಡ್ಡು ಪದರ ಪದರವಾಗಿ ಕೂತು ಕರಿಯಾಗಿದ್ದು. ಬೆರಳಲ್ಲಿ ತಿಕ್ಕಿದರೆ ಮಸಿಯಾಗಿ ಪುಡಿಯಾಗುತ್ತದೆ. ಪ್ಲಾಸ್ಟಿಕ್ ಪುಟ್ಟಿ ಬ್ಲೇಡಿನಿಂದ ಮೆಲ್ಲಗೆ ಕೆರೆದರೆ ಹಾಳೆ ಹಾಳೆಯಾಗಿ ಬರುತ್ತದೆ. ಬಿಳಿ ಲೋಹ ಕಾಣುವವರೆಗೆ ಕೆರೆಯಬೇಕಾಗಿಲ್ಲ, ಸಡಿಲ ಇದ್ದದ್ದು ಹೋದರೆ ಸಾಕು.

ಮುಂದೆ ಕೆಳಗಿನ ಬಟ್ಟಲು. ಒಣದಾಗಿರುವಾಗಲೇ ಕೆರೆದು, ಗುಡಿಸಿ, ಆಮೇಲೆ ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ತೆಂಗಿನ ನಾರು. ಒವನ್ ತೊಳೆಯುವ ಕಾಸ್ಟಿಕ್ ಸೋಡಾ ಇರುವ ದ್ರಾವಣ ತರಬೇಡಿ, ಅಲ್ಯೂಮಿನಿಯಂ ಭಾಗಗಳನ್ನು ಅದು ಸವೆಸುತ್ತದೆ. ಅಷ್ಟು ಬಲವಾದ ಔಷಧಿ ಬೇಕೂ ಇಲ್ಲ.

ಗಾಳಿಕಂಡಿಗಳನ್ನು ಮರೆಯಬೇಡಿ. ಈ ಗುಂಡನೆಯ ಗ್ರಿಲ್ ಹುಟ್ಟಿದ ಕಥೆಯಲ್ಲೇ ಅವಕ್ಕೆ ಪಾತ್ರ ಇದೆ. ಶಿಕಾಗೋ ಬಳಿ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿದ್ದ ಜಾರ್ಜ್ ಸ್ಟೀಫನ್ 1952ರಲ್ಲಿ, ನೀರಿನಲ್ಲಿ ತೇಲಿಬಿಡುವ ಬೋಯ್‌ಗೆ ಮಾಡುತ್ತಿದ್ದ ಲೋಹದ ಅರ್ಧಗೋಳವನ್ನೇ ಗ್ರಿಲ್ ಮಾಡಿದರು. ಮೊದಲು ಮುಚ್ಚಳ ಹಾಕಿದ ಕೂಡಲೇ ಬೆಂಕಿ ಆರುತ್ತಿತ್ತಂತೆ. ತೂತು ಕೊರೆದ ಮೇಲೆ ಸರಿಹೋಯಿತಂತೆ. ಇವತ್ತಿಗೂ ಬೆಂಕಿ ಸರಿಯಾಗಿ ಹತ್ತುತ್ತಿಲ್ಲ ಅಂದರೆ ಇದ್ದಿಲನ್ನು ಬೈಯುವ ಮೊದಲು ಕೆಳಗಿನ ಕಂಡಿ ಬೂದಿಯಿಂದ ಕಟ್ಟಿದೆಯಾ ಅಂತ ನೋಡಿ. ಕಂಡಿಯ ತಗಡು ಬಿಗಿಯಾಗಿದ್ದರೆ ಜಿಡ್ಡು ಕೆರೆದು ಆಚೀಚೆ ತಿರುಗಿಸಿ ಸಡಿಲ ಮಾಡಿ. ಅದು ತಿರುಗದಿದ್ದರೆ ಬೆಂಕಿ ನಿಮ್ಮ ಮಾತು ಕೇಳುವುದಿಲ್ಲ.

ಕಾಲುಗಳ ಬೋಲ್ಟು, ಮರದ ಹಿಡಿಯ ತಿರುಪು ಒಂದು ಸಲ ಬಿಗಿ ಮಾಡಿ. ಮರದ ಹಿಡಿಗೆ ಸ್ವಲ್ಪ ಅಗಸೆ ಎಣ್ಣೆ ಸವರಿದರೆ ಸೀಳುವುದಿಲ್ಲ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ.

ಎರಕದ ಕಬ್ಬಿಣಕ್ಕೆ ತುಕ್ಕು ಬಂದಿದ್ದರೆ

ಎಸೆಯುವ ಯೋಚನೆ ಬೇಡ. ಎರಕದ ಕಬ್ಬಿಣದ ಜಾಲರಿ ಮುರಿಯದಿದ್ದರೆ ಮತ್ತೆ ಪಳಗಿಸಬಹುದು.

ಸ್ಟೀಲ್ ಉಣ್ಣೆಯಿಂದ ತುಕ್ಕು ಹೋಗುವವರೆಗೆ ಉಜ್ಜಿ. ಸೋಪು ನೀರಲ್ಲಿ ಒಂದೇ ಒಂದು ಸಲ ತೊಳೆಯಿರಿ, ನೆನೆಸಿಡಬೇಡಿ. ಬಟ್ಟೆಯಿಂದ ಒರೆಸಿ ಆ ಕ್ಷಣವೇ ಒಲೆಯ ಮೇಲೋ ಕೆಂಡದ ಮೇಲೋ ಇಡಿ. ಗಾಳಿಗೆ ಒಣಗಲಿ ಅಂತ ಬಿಟ್ಟರೆ, ಕಾಫಿ ಕುಡಿದು ಬರುವಷ್ಟರಲ್ಲಿ ಕೆಂಪು ಹುಡಿ ಮತ್ತೆ ಬಂದಿರುತ್ತದೆ. ಚೆನ್ನಾಗಿ ಬಿಸಿಯಾದ ಮೇಲೆ ಸೂರ್ಯಕಾಂತಿ ಎಣ್ಣೆ ಎಲ್ಲ ಕಡೆ ಸವರಿ. ಆಮೇಲೆ ಬೇರೆ ಒಣ ಬಟ್ಟೆಯಿಂದ, ಎಣ್ಣೆ ಹಾಕಿಯೇ ಇಲ್ಲವೇನೋ ಅನ್ನುವಷ್ಟು ಒರೆಸಿ ತೆಗೆಯಿರಿ. ಎಲ್ಲರೂ ತಪ್ಪುವುದು ಇಲ್ಲೇ. ಎಣ್ಣೆ ಜಾಸ್ತಿ ಉಳಿದರೆ ಗಟ್ಟಿ ಪದರ ಆಗುವ ಬದಲು ಅಂಟಂಟಾಗುತ್ತದೆ.

ಮುಚ್ಚಳ ಹಾಕಿ, 200 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಶಾಖದಲ್ಲಿ ಒಂದು ಗಂಟೆ ಬಿಡಿ. ತಣ್ಣಗಾದ ಮೇಲೆ ಮತ್ತೆ ಎಣ್ಣೆ, ಮತ್ತೆ ಶಾಖ. ಮೂರು ಸಲ ಆದರೆ ಸರಳು ಕಪ್ಪಗೆ, ಒಣಗಿದ ಹಾಗೆ, ಕೈಗೆ ಜಿಡ್ಡು ಹತ್ತದ ಹಾಗೆ ಆಗುತ್ತದೆ. ಕರಾವಳಿಯ ಗೆಳೆಯರು ಇದಕ್ಕೆ ತೆಂಗಿನೆಣ್ಣೆ ಬಳಸಿ ಪೇಚಾಡಿದ್ದನ್ನು ನೋಡಿದ್ದೇನೆ. ಅಡುಗೆಗೆ ಅದು ಚೆನ್ನ, ಪಳಗಿಸಲು ಸರಿ ಹೊಂದುವುದಿಲ್ಲ. ಅದು ಕಾದು ಗಟ್ಟಿ ಪದರ ಆಗುವ ಜಾತಿಯ ಎಣ್ಣೆ ಅಲ್ಲ.

ಗ್ಯಾಸ್ ಗ್ರಿಲ್ ಇರುವವರಿಗೆ

ನನ್ನ ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಮನೆಯಲ್ಲಿ ಗ್ಯಾಸಿನದು. ಅಲ್ಲಿ ಚಳಿಗಾಲ ಕಳೆದು ಮೇ ಕೊನೆಯ ಮೆಮೋರಿಯಲ್ ಡೇ ಹೊತ್ತಿಗೆ ಎಲ್ಲರೂ ಗ್ರಿಲ್ ಹೊರಗೆ ತೆಗೆಯುತ್ತಾರೆ. ಒಂದು ವರ್ಷ ಅವಳು ಹಚ್ಚಿದಾಗ ಜ್ವಾಲೆ ನೀಲಿಯ ಬದಲು ಹಳದಿಯಾಗಿ, ಮಸಿ ಕಾರುತ್ತಾ ಉರಿಯಿತಂತೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದಳು. ಮೊದಲು ಆರಿಸು ಅಂದೆ. ಬರ್ನರ್ ಕೊಳವೆ ಬಿಚ್ಚಿ ನೋಡಿದರೆ ಒಳಗೆ ಜೇಡರ ಬಲೆ.

ಇದು ಅಪರೂಪ ಅಲ್ಲ. ಗ್ಯಾಸ್ ಜೊತೆ ಗಾಳಿ ಬೆರೆಯುವ ಸಣ್ಣ ಕೊಳವೆಯಲ್ಲಿ ಜೇಡ ಗೂಡು ಕಟ್ಟುತ್ತದೆ. ಕೆಲವು ಜೇಡಗಳಿಗೆ ಇಂಧನದ ವಾಸನೆಯೇ ಸೆಳೆತ. 2011ರಲ್ಲಿ ಮಾಜ್ದಾ ಕಂಪನಿ ಇಂಧನ ಟ್ಯಾಂಕಿನ ಗಾಳಿ ಕೊಳವೆಗೆ ಜೇಡ ಬಲೆ ಕಟ್ಟುತ್ತದೆ ಅಂತ ಅಮೆರಿಕದಲ್ಲಿ ಹತ್ತಾರು ಸಾವಿರ ಕಾರು ವಾಪಸ್ ಕರೆಸಿತ್ತು. ಗ್ರಿಲ್‌ನಲ್ಲಿ ಕೊಳವೆ ಕಟ್ಟಿದರೆ ಗ್ಯಾಸ್ ಹಿಂದಕ್ಕೆ ಸೋರಿ ನಾಬ್‌ಗಳ ಹತ್ತಿರವೇ ಬೆಂಕಿ ಹತ್ತಬಹುದು. ಆದ್ದರಿಂದ ತಿಂಗಳುಗಟ್ಟಲೆ ಮುಚ್ಚಿಟ್ಟ ಗ್ಯಾಸ್ ಗ್ರಿಲ್ ಅನ್ನು ಹಾಗೇ ಹಚ್ಚಬೇಡಿ.

ಸಿಲಿಂಡರ್ ಬಂದ್ ಮಾಡಿ ಬಿಚ್ಚಿಡಿ. ಜಾಲರಿ, ಅದರ ಕೆಳಗಿನ ಗೋಪುರದಂಥ ತಗಡುಗಳನ್ನು ಎತ್ತಿ. ಬರ್ನರ್ ಕೊಳವೆ ಹೊರಗೆ ತೆಗೆದು, ಬಾಟಲಿ ತೊಳೆಯುವ ಸಣ್ಣ ಬ್ರಷ್ ಒಂದು ತುದಿಯಿಂದ ತೂರಿಸಿ. ಮೇಲಿನ ಸಾಲು ತೂತುಗಳು ಕಟ್ಟಿದ್ದರೆ ಪೇಪರ್ ಕ್ಲಿಪ್ ಬಿಚ್ಚಿ ಒಂದೊಂದೇ ಚುಚ್ಚಿ. ಕಡ್ಡಿ ಬೇಡ, ಒಳಗೇ ಮುರಿಯುತ್ತದೆ. ಕೊಳವೆಯ ಮೇಲ್ಭಾಗ ಉಜ್ಜುವಾಗ ಅಡ್ಡಕ್ಕೆ ಉಜ್ಜಿ, ಉದ್ದಕ್ಕೆ ಉಜ್ಜಿದರೆ ಕಸ ಒಂದು ತೂತಿನಿಂದ ಇನ್ನೊಂದಕ್ಕೆ ಸೇರುತ್ತದೆ. ತೂತುಗಳು ತುಕ್ಕು ತಿಂದು ಒಂದಕ್ಕೊಂದು ಕೂಡಿಕೊಂಡಿದ್ದರೆ ಹೊಸ ಬರ್ನರ್ ಹಾಕಿ.

ಜೋಡಿಸಿದ ಮೇಲೆ ಸೋರಿಕೆ ನೋಡಬೇಕು. ನಾಬ್‌ಗಳೆಲ್ಲ ಬಂದ್ ಇರಲಿ, ಸಿಲಿಂಡರ್ ತೆರೆಯಿರಿ. ಸೋಪಿನ ನೀರನ್ನು ಪೈಪ್, ರೆಗ್ಯುಲೇಟರ್, ಪ್ರತಿ ಸಂದಿಗೂ ಹಚ್ಚಿ. ಗುಳ್ಳೆ ಊದಿದರೆ ಅಲ್ಲಿ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ನೋಡುವ ಹುಚ್ಚು ಸಾಹಸ ಯಾರೂ ಮಾಡಬೇಡಿ. ಊರಲ್ಲಿ ಇರುವವರು ಗ್ಯಾಸ್ ಸೋರುತ್ತಿದೆ ಅನ್ನಿಸಿದರೆ 1906ಕ್ಕೆ ಫೋನ್ ಮಾಡಿ, ಅದು ದೇಶಕ್ಕೆಲ್ಲ ಒಂದೇ ಎಲ್‌ಪಿಜಿ ತುರ್ತು ಸಂಖ್ಯೆ. ಸಿಲಿಂಡರಿನ ಕೊರಳ ಪಟ್ಟಿಯ ಒಳಮೈಯಲ್ಲಿ ಎ, ಬಿ, ಸಿ, ಡಿ ಅಕ್ಷರದ ಜೊತೆ ವರ್ಷ ಬರೆದಿರುತ್ತದೆ. ಎ ಅಂದರೆ ಆ ವರ್ಷದ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಆ ಗಡುವು ದಾಟಿದ ಸಿಲಿಂಡರ್ ಬಂದರೆ ವಾಪಸ್ ಕೊಡಿ.

ಹಚ್ಚುವಾಗ ಮುಚ್ಚಳ ತೆರೆದೇ ಇರಬೇಕು. ಮುಚ್ಚಿದ್ದರೆ ಗ್ಯಾಸ್ ಒಳಗೆ ತುಂಬಿ ಸಿಡಿಯುತ್ತದೆ. ಅಮೆರಿಕದ ಗ್ರಿಲ್‌ನಲ್ಲಿ ಎಲ್ಲ ಸರಿ ಇದ್ದೂ ಜ್ವಾಲೆ ಸಣ್ಣಗೆ ಮಿಣುಕುತ್ತಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಸಿಲಿಂಡರ್ ತಿರುಪನ್ನು ರಭಸದಿಂದ ತೆರೆದಾಗ ರೆಗ್ಯುಲೇಟರ್ ಸೋರಿಕೆ ಅಂತ ತಿಳಿದು ಗ್ಯಾಸ್ ತಡೆಹಿಡಿಯುತ್ತದೆ. ಎಲ್ಲ ಬಂದ್ ಮಾಡಿ, ರೆಗ್ಯುಲೇಟರ್ ಬಿಚ್ಚಿ, ನಾಬ್ ಒಂದು ನಿಮಿಷ ತೆರೆದಿಟ್ಟು ಮತ್ತೆ ಬಂದ್ ಮಾಡಿ, ಮತ್ತೆ ಜೋಡಿಸಿ, ಈ ಸಲ ಮೆಲ್ಲಗೆ ತಿರುಗಿಸಿ.

ಜಿಡ್ಡಿಗೆ ಬೆಂಕಿ ಹತ್ತಿದರೆ

ಗ್ಯಾಸ್ ಗ್ರಿಲ್ ಕೆಳಗೆ ಜಿಡ್ಡು ಬೀಳುವ ತಟ್ಟೆ ಇರುತ್ತದೆ. ತಿಂಗಳುಗಟ್ಟಲೆ ಅದನ್ನು ಯಾರೂ ನೋಡುವುದಿಲ್ಲ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ಗ್ರಿಲ್ ಬೆಂಕಿಯ ಮುಖ್ಯ ಕಾರಣಗಳಲ್ಲಿ ಶುಚಿ ಮಾಡದೇ ಇರುವುದನ್ನೂ ಹೇಳುತ್ತದೆ, ಜುಲೈನಲ್ಲಿ ಇಂಥ ಬೆಂಕಿ ಎಲ್ಲಕ್ಕಿಂತ ಜಾಸ್ತಿ ಅನ್ನುತ್ತದೆ. ಹಂದಿ, ಕೋಳಿ ತೊಡೆಯಂಥ ಕೊಬ್ಬಿನ ಮಾಂಸ ಸುಟ್ಟ ಪ್ರತಿ ಸಲ ತಟ್ಟೆ ಖಾಲಿ ಮಾಡಿ. ತಟ್ಟೆಗೆ ಫಾಯಿಲ್ ಹಾಸಿದ್ದರೆ ಸುತ್ತಿ ಎಸೆದರೆ ಮುಗಿಯಿತು. ಜಿಡ್ಡನ್ನು ಸಿಂಕಿಗೆ ಸುರಿಯಬೇಡಿ, ಪೈಪ್ ಕಟ್ಟುತ್ತದೆ.

ಆದರೂ ಬೆಂಕಿ ಎದ್ದರೆ ನೀರು ಹಾಕಬೇಡಿ. ಕಾದ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೆ ಅಂತ ಒಗ್ಗರಣೆ ಹಾಕಿದವರಿಗೆಲ್ಲ ಗೊತ್ತು, ಇಲ್ಲಿ ಅದು ನೂರು ಪಟ್ಟು. ಕೈಗೆ ಸಿಕ್ಕರೆ ನಾಬ್ ಬಂದ್ ಮಾಡಿ, ಮುಚ್ಚಳ ಹಾಕಿ, ಕಂಡಿಗಳನ್ನು ಮುಚ್ಚಿ. ಸಣ್ಣ ಬೆಂಕಿಯ ಮೇಲೆ ಅಡುಗೆ ಸೋಡಾ ಸುರಿಯಿರಿ. ನಾನು ಗ್ರಿಲ್ ಹಚ್ಚುವಾಗಲೆಲ್ಲ ಒಂದು ಡಬ್ಬ ಸೋಡಾ, ಒಂದು ಬಕೆಟ್ ಮರಳು ಪಕ್ಕದಲ್ಲೇ ಇಟ್ಟಿರುತ್ತೇನೆ. ಹತೋಟಿಗೆ ಬರದಿದ್ದರೆ ಮಕ್ಕಳನ್ನು ದೂರ ಕರೆದುಕೊಂಡು ಹೋಗಿ ಅಗ್ನಿಶಾಮಕದವರನ್ನು ಕರೆಯಿರಿ.

ಮಳೆಗಾಲಕ್ಕೆ ಎತ್ತಿಡುವುದು

ಪೂರ್ತಿ ತೊಳೆದು ಬಿಸಿಲಲ್ಲಿ ಒಣಗಿಸಿದ ಮೇಲೆ ಒಂದು ಸಲ ಸುಮ್ನೆ ಒಂದು ಹಿಡಿ ಇದ್ದಿಲು ಹಚ್ಚಿ. ಸಂದಿಯ ತೇವ ಎಲ್ಲ ಹಾರಿಹೋಗುತ್ತದೆ. ಆರಿದ ಮೇಲೆ ಆ ಬೂದಿಯನ್ನೂ ತೆಗೆದುಬಿಡಿ. ಜಾಲರಿಗೆ ಎಣ್ಣೆ ಸವರಿ, ಹಳೇ ನ್ಯೂಸ್‌ಪೇಪರ್‌ನಲ್ಲಿ ಸುತ್ತಿ ಮನೆಯೊಳಗೆ ತನ್ನಿ. ಅಡುಗೆಮನೆಯ ಅಟ್ಟ ಅದಕ್ಕೆ ಒಳ್ಳೆಯ ಜಾಗ, ಹೊಗೆಯ ಬೆಚ್ಚಗೆ ಇರುತ್ತದೆ.

ಟಾರ್ಪಾಲಿನ್ ಹೊದಿಸಿ ನೆಲದವರೆಗೆ ಬಿಗಿಯಾಗಿ ಕಟ್ಟುವುದು ಒಳ್ಳೆಯದು ಅನ್ನಿಸುತ್ತದೆ. ಆದರೆ ನೆಲದ ತೇವ ಒಳಗೇ ಸಿಕ್ಕಿ, ಬೆಳಿಗ್ಗೆ ಹೊದಿಕೆಯ ಒಳಮೈಯಲ್ಲಿ ಹನಿ ಹನಿಯಾಗಿ ಕೂರುತ್ತದೆ. ನಮ್ಮ ಮೊದಲ ಗ್ರಿಲ್‌ಗೆ ಆದದ್ದು ಇದೂ ಸೇರಿ. ಹೊದಿಕೆ ಮೊಣಕಾಲಿನಷ್ಟು ಮೇಲೆ ನಿಲ್ಲಲಿ, ಕೆಳಗಿನಿಂದ ಗಾಳಿ ಆಡಲಿ. ಗ್ರಿಲ್ ಕಾಲಿನ ಕೆಳಗೆ ನಾಲ್ಕು ಇಟ್ಟಿಗೆ ಇಡಿ. ಕೆಳಗಿನ ಕಂಡಿ ತೆರೆದಿರಲಿ, ಆದರೆ ಇಲಿ ನುಗ್ಗದ ಹಾಗೆ ಒಂದು ತುಂಡು ಸೊಳ್ಳೆ ಜಾಲರಿ ಕಟ್ಟಿ. ಗ್ಯಾಸ್ ಗ್ರಿಲ್ ಆದರೆ ಸಿಲಿಂಡರ್ ಬಿಚ್ಚಿ, ನೆಟ್ಟಗೆ ನಿಲ್ಲಿಸಿ, ಗಾಳಿ ಆಡುವ ಕಡೆ ಇಡಿ. ಅಮೆರಿಕದಲ್ಲಿರುವವರು ಸಿಲಿಂಡರನ್ನು ಮನೆಯೊಳಗೆ, ಗ್ಯಾರೇಜಿನಲ್ಲಿ ಇಡುವ ಹಾಗಿಲ್ಲ, ಹೊರಗೇ ಇರಲಿ.

ಆಗಸ್ಟ್‌ನಲ್ಲಿ ಎರಡು ದಿನ ಬಿಸಿಲು ಬಿಡುತ್ತದಲ್ವಾ, ಆಗ ಹೊದಿಕೆ ತೆಗೆದು ಒಂದು ಮಧ್ಯಾಹ್ನ ಗಾಳಿಗೆ ಬಿಡಿ. ಒಳಗೆ ಬೂಷ್ಟು ಕಂಡರೆ ಹೆದರಬೇಡಿ. ಮುಟ್ಟಿ ಒರೆಸುವ ಮೊದಲು ಇದ್ದಿಲು ಹಚ್ಚಿ, ಮುಚ್ಚಳ ಹಾಕಿ, ಅರ್ಧ ಗಂಟೆ ಜೋರು ಶಾಖ ಕೊಡಿ. ಸುಟ್ಟ ಮೇಲೆ ಉಜ್ಜಿ, ಆ ಇದ್ದಿಲು, ಬೂದಿ ಎರಡನ್ನೂ ಎಸೆಯಿರಿ. ಅಡುಗೆ ಮಾಡುವುದು ಅದರ ಮುಂದಿನ ಕೆಂಡದಲ್ಲಿ.